ಸೌಂಡ್‌ಪ್ರೂಫ್ ಗೋಡೆಗೆ ಅಕೌಸ್ಟಿಕ್ ಪ್ಯಾನೆಲ್ ಕೂರಿಸುವುದು: ಸ್ಕ್ರೂ ಎಲ್ಲಿಗೆ ನಿಲ್ಲಬೇಕು?

ಪ್ಯಾನೆಲ್ ಹಾಕಿದರೆ ಸದ್ದು ಹೊರಗೆ ಹೋಗುವುದಿಲ್ಲ ಎಂದು ನಂಬಿರುವವರು ಈಗಲೂ ಬೇಕಾದಷ್ಟಿದ್ದಾರೆ. ಹೋಗುತ್ತದೆ. ಬಟ್ಟೆ ಸುತ್ತಿದ ರಾಕ್‌ವೂಲ್ ಚೌಕಟ್ಟು ಕೋಣೆಯೊಳಗೆ ಗೋಡೆಯಿಂದ ಗೋಡೆಗೆ ಪುಟಿಯುವ ಸದ್ದನ್ನು ಹೀರುತ್ತದೆ, ಅಷ್ಟೇ. ಪಕ್ಕದ ಮನೆಯವರ ನಿದ್ದೆ ಕಾಯುವುದು ಗೋಡೆಯ ತೂಕ, ಎರಡು ಪದರಗಳ ನಡುವಿನ ಅಂತರ ಮತ್ತು ಸಂದುಗಳ ಬಿಗಿ. ಎರಡೂ ಬೇರೆ ಬೇರೆ ಕೆಲಸ. ಆದರೆ ಪ್ಯಾನೆಲ್ ಹಾಕುವ ಗಡಿಬಿಡಿಯಲ್ಲಿ ಗೋಡೆಯ ಕೆಲಸವನ್ನು ಹಾಳುಮಾಡುವುದು ಬಹಳ ಸುಲಭ. ದುಡ್ಡು ಸುರಿದು ಗೋಡೆಯೊಳಗೊಂದು ಗೋಡೆ ಕಟ್ಟಿಸಿರುತ್ತಾರೆ. ಪ್ಯಾನೆಲ್ ನೇತುಹಾಕುವ ದಿನ ಹ್ಯಾಮರ್ ಡ್ರಿಲ್ ಬರುತ್ತದೆ, ರಾವಲ್ ಪ್ಲಗ್ ಬರುತ್ತದೆ, ನಾಲ್ಕಿಂಚಿನ ಸ್ಕ್ರೂ ಒಳಗಿನ ಜಿಪ್ಸಂ ದಾಟಿ ಹಿಂದಿನ ಬ್ಲಾಕ್ ಗೋಡೆಗೆ ಕಚ್ಚುತ್ತದೆ. ಒಂದಕ್ಕೊಂದು ಮುಟ್ಟದಿರಲಿ ಎಂದೇ ಬಿಟ್ಟ ಜಾಗಕ್ಕೆ ಅಲ್ಲೊಂದು ಕಬ್ಬಿಣದ ಸೇತುವೆ ಬಿತ್ತು. ಜಿಪ್ಸಂನ ಕಂಪನ ಇನ್ನು ಆ ಸ್ಕ್ರೂ ಹಿಡಿದೇ ಆಚೆ ಗೋಡೆಗೆ ದಾಟುತ್ತದೆ. ಅಂಥವು ಇಪ್ಪತ್ತು ಬಿದ್ದರೆ, ತೇಲುವ ಗೋಡೆ ತೇಲುವುದನ್ನು ಬಿಟ್ಟಿತು ಎಂದೇ ಲೆಕ್ಕ.

ಹಾಗಾಗಿ ಈ ಇಡೀ ಕೆಲಸದ ನಿಯಮ ಒಂದೇ: ಪ್ಯಾನೆಲ್‌ನ ಯಾವ ಸ್ಕ್ರೂವಿನ ತುದಿಯೂ ಒಳಪದರವನ್ನು ದಾಟಿ ಹೊರಪದರವನ್ನು ಮುಟ್ಟಬಾರದು. ಚೌಕಟ್ಟಿನ ಅಳತೆ, ಅದನ್ನು ತೂಗುಹಾಕುವ ಹಳಿಯ ದಪ್ಪ, ಕ್ಲೌಡ್ (ತಲೆಯ ಮೇಲೆ ತೂಗುವ ಪ್ಯಾನೆಲ್) ನೇತುಹಾಕುವ ರೀತಿ ಎಲ್ಲ ಇದರಿಂದಲೇ ಹುಟ್ಟುತ್ತವೆ.

ಕೋಣೆ

ಬೆಂಗಳೂರಿನ ಮನೆಯೊಂದರ ಮಲಗುವ ಕೋಣೆಯನ್ನು ಬದಲಿಸಿ ಮಾಡಿದ ಮಿಕ್ಸಿಂಗ್ ರೂಮ್, ಅಂದರೆ ರೆಕಾರ್ಡ್ ಮಾಡಿದ ಸದ್ದುಗಳನ್ನು ಕೂಡಿಸಿ ಹದಗೊಳಿಸುವ ಕೋಣೆ ಇದು. ಒಳಗೋಡೆ ಎದ್ದಮೇಲೆ ಉಳಿದ ಅಳತೆ 3.4 ಮೀಟರ್ ಉದ್ದ, 2.9 ಮೀಟರ್ ಅಗಲ, 2.55 ಮೀಟರ್ ಎತ್ತರ. ಬಾಗಿಲು ಹಿಂದಿನ ಗೋಡೆಯ ಬಲ ಮೂಲೆಯಲ್ಲಿದೆ. ಇಲ್ಲಿನ ಮನೆಗಳಲ್ಲಿ ಅದು ಯಾವತ್ತೂ ಮೂಲೆಯಲ್ಲೇ, ಒಂದು ಬಾಸ್ ಟ್ರ್ಯಾಪ್‌ನ (ತಗ್ಗು ಸ್ವರಗಳನ್ನು ಹೀರುವ ಮೂಲೆಯ ದಪ್ಪ ಪ್ಯಾನೆಲ್) ಜಾಗ ತಿನ್ನಲೆಂದೇ. ಸ್ಪೀಕರ್‌ಗಳು ಕಿರಿಯ ಗೋಡೆಗೆ ಬೆನ್ನು ಮಾಡಿ, ಕೋಣೆಯ ಉದ್ದಕ್ಕೆ ಮುಖ ಮಾಡಿವೆ. ಕುರ್ಚಿ ಮುಂಗೋಡೆಯಿಂದ ಸುಮಾರು 1.3 ಮೀಟರ್‌ಗೆ, ಅಂದರೆ ಉದ್ದದ ನೂರಕ್ಕೆ 38ರಷ್ಟಕ್ಕೆ. ಅದು ಕಟ್ಟಳೆಯಲ್ಲ, ಹುಡುಕಾಟ ಶುರುಮಾಡುವ ಜಾಗ.

ಗೋಡೆಗಳಲ್ಲಿ ಎರಡು ಬಗೆ. ಎಡ, ಬಲ ಮತ್ತು ಹಿಂದಿನ ಗೋಡೆಗಳು ಸ್ವತಂತ್ರ ಸ್ಟಡ್ ಗೋಡೆಗಳು: ಆರಿಂಚಿನ ಸಿಮೆಂಟ್ ಬ್ಲಾಕ್ ಗೋಡೆ, 25 ಮಿ.ಮೀ. ಖಾಲಿ, ಆಮೇಲೆ ಬ್ಲಾಕ್ ಗೋಡೆಯನ್ನು ಎಲ್ಲೂ ಮುಟ್ಟದೆ ನಿಂತ 50 ಮಿ.ಮೀ. ಜಿಐ ಸ್ಟಡ್‌ಗಳು (ತಗಡಿನ ಕಂಬಗಳು), ಅವುಗಳ ನಡುವೆ ರಾಕ್‌ವೂಲ್, ಮೇಲೆ 12.5 ಮಿ.ಮೀ. ಜಿಪ್ಸಂ ಬೋರ್ಡ್ ಎರಡು ಪದರ. ಮುಂಗೋಡೆಯಲ್ಲಿ ಅಷ್ಟು ಜಾಗ ಇರಲಿಲ್ಲ. ಅಲ್ಲಿ ಬ್ಲಾಕ್ ಗೋಡೆಗೇ ರಬ್ಬರ್ ಕ್ಲಿಪ್ ಬಡಿದು, ಅದರಲ್ಲಿ ಅಡ್ಡ ಚಾನೆಲ್ (ತಗಡಿನ ಪಟ್ಟಿ) ಸಿಕ್ಕಿಸಿ, ಚಾನೆಲ್‌ಗೆ ಎರಡು ಪದರ ಜಿಪ್ಸಂ ಹಾಕಿದ್ದು. ಜಿಪ್ಸಂನ ಬೆನ್ನಿನಿಂದ ಬ್ಲಾಕ್ ಗೋಡೆಗೆ ಸುಮಾರು 40 ಮಿ.ಮೀ. ಮಾತ್ರ.

ಈ ವ್ಯತ್ಯಾಸ ಗೊತ್ತಿಲ್ಲದೆ ಡ್ರಿಲ್ ಕೈಗೆತ್ತಿಕೊಳ್ಳಬಾರದು. ಸ್ವತಂತ್ರ ಸ್ಟಡ್ ಗೋಡೆಯಲ್ಲಿ ಸ್ಟಡ್ ಕೂಡ ಒಳಪದರಕ್ಕೇ ಸೇರಿದ್ದು. ಅದಕ್ಕೆ ಸ್ಕ್ರೂ ಹಾಕಿದರೆ ಏನೂ ಕೆಡುವುದಿಲ್ಲ, ಹಿಡಿತವೂ ಚೆನ್ನಾಗಿರುತ್ತದೆ. ಆದರೆ ಸ್ಟಡ್ ಮೇಲೆ ಕ್ಲಿಪ್ಪೋ ರೆಸಿಲಿಯೆಂಟ್ ಚಾನೆಲ್ಲೋ (ಕಂಪನ ದಾಟದಂತೆ ತಡೆಯುವ ಬಳುಕುವ ತಗಡಿನ ಪಟ್ಟಿ) ಹಾಕಿ, ಅದರ ಮೇಲೆ ಜಿಪ್ಸಂ ಹಾಕಿದ ಗೋಡೆಯಲ್ಲಿ ಅದೇ ಸ್ಟಡ್ ವೈರಿ ಪಾಳಯದ್ದು. ರೆಸಿಲಿಯೆಂಟ್ ಚಾನೆಲ್‌ನ ಆಳ ಬರೀ 13 ಮಿ.ಮೀ. ಜಿಪ್ಸಂ ದಾಟಿದ ಸ್ಕ್ರೂ ಇನ್ನು ಅರ್ಧ ಇಂಚು ಹೋದರೆ ಸ್ಟಡ್‌ಗೆ ಕಚ್ಚಿತು. ಗೋಡೆ ಯಾವ ಬಗೆ ಎಂದು ಕಟ್ಟಿದವರ ಹತ್ತಿರ ಕೇಳಬೇಕು, ಮುಚ್ಚುವ ಮುಂಚೆ ತೆಗೆದ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಎರಡೂ ಇಲ್ಲದಿದ್ದರೆ ಸ್ವಿಚ್ ಬೋರ್ಡ್‌ನ ಮೆಯಿನ್ ಆಫ್ ಮಾಡಿ, ಬಾಕ್ಸ್ ಬಿಚ್ಚಿ, ಪಕ್ಕದ ಸಂದಿನಿಂದ ಟಾರ್ಚ್ ಬಿಟ್ಟು ನೋಡಬಹುದು. ಕೆಲಸ ಮುಗಿದ ಮೇಲೆ ಆ ಸಂದನ್ನು ಸೀಲೆಂಟ್‌ನಿಂದ ಮತ್ತೆ ಮುಚ್ಚಬೇಕು.

ಒಳಗಿನ ಲೋಹ ಎಲ್ಲಿದೆ ಎಂದು ಹುಡುಕಲು ದುಬಾರಿ ಸ್ಟಡ್ ಫೈಂಡರ್ ಬೇಕಾಗಿಲ್ಲ. ಎರಡು ಪದರ ಜಿಪ್ಸಂ ಇದ್ದಾಗ ಅಗ್ಗದವು ಹೇಗೂ ತಡಬಡಿಸುತ್ತವೆ. ಕೆಟ್ಟುಹೋದ ಹಾರ್ಡ್ ಡಿಸ್ಕ್‌ನಿಂದ ಕಿತ್ತ ನಿಯೋಡಿಮಿಯಂ ಮ್ಯಾಗ್ನೆಟ್ ಒಂದನ್ನು ಗೋಡೆಯ ಮೇಲೆ ಸರಿಸುತ್ತಾ ಹೋದರೆ ಪುಟ್ಟಿಯ ಕೆಳಗಿರುವ ಜಿಪ್ಸಂ ಸ್ಕ್ರೂಗಳ ತಲೆ ಸಿಗುತ್ತದೆ. ಸಿಕ್ಕಲ್ಲೆಲ್ಲ ಮಾಸ್ಕಿಂಗ್ ಟೇಪ್ ಚೂರು ಅಂಟಿಸಿದರೆ ಹತ್ತು ನಿಮಿಷದಲ್ಲಿ ಸಾಲು ಕಾಣುತ್ತದೆ. ಸಾಲು ಲಂಬವಾಗಿದ್ದರೆ ಬಹುಪಾಲು ಸ್ಟಡ್, ಅಡ್ಡ ಇದ್ದರೆ ಚಾನೆಲ್. ಇಲ್ಲಿ ಪಕ್ಕದ ಗೋಡೆಗಳಲ್ಲಿ ಸ್ಟಡ್‌ಗಳು 610 ಮಿ.ಮೀ.ಗೆ ಒಂದರಂತೆ ಸಿಕ್ಕವು. ವೈರ್ ಪೈಪ್ ಎಲ್ಲಿ ಓಡಿದೆ ಎಂಬುದನ್ನು ಮಾತ್ರ ಮ್ಯಾಗ್ನೆಟ್ ಹೇಳುವುದಿಲ್ಲ; ಸ್ವಿಚ್ ಬೋರ್ಡ್‌ನ ನೇರ ಮೇಲೆ, ನೇರ ಕೆಳಗೆ ಮತ್ತು ನೇರ ಪಕ್ಕದ ಪಟ್ಟಿಯನ್ನು ಬಿಟ್ಟುಬಿಡುವುದೇ ಕ್ಷೇಮ.

ಎಷ್ಟು ಬೇಕು

ಕೋಣೆಯ ಗಾತ್ರ ಸುಮಾರು 25 ಘನ ಮೀಟರ್. ಬರೀ ಜಿಪ್ಸಂ ಮತ್ತು ಟೈಲ್ಸ್ ಇದ್ದಾಗ ಹೀರುವಿಕೆ ಎರಡೂವರೆ ಚದರ ಮೀಟರ್‌ನಷ್ಟು ಎಂದು ಹಿಡಿದರೆ, ಸೇಬಿನ್ ಸೂತ್ರದ ಪ್ರಕಾರ (0.161 ಗುಣಿಸು ಗಾತ್ರ, ಭಾಗಿಸು ಹೀರುವಿಕೆ) ಸದ್ದು ಅಡಗಲು 1.6 ಸೆಕೆಂಡ್. ಮಿಕ್ಸಿಂಗ್‌ಗೆ 0.3 ಸೆಕೆಂಡ್ ಆಸುಪಾಸು ಬೇಕು. ಅದಕ್ಕೆ ಇನ್ನೂ ಸುಮಾರು 11 ಚದರ ಮೀಟರ್ ಹೀರುವ ಮೈ ಬೇಕಾಗುತ್ತದೆ. ಇಷ್ಟು ಚಿಕ್ಕ ಕೋಣೆಯಲ್ಲಿ, ಅದೂ ಬಾಸ್‌ನಲ್ಲಿ, ಈ ಸೂತ್ರ ನಿಖರವಲ್ಲ. ಆದರೆ ಎಷ್ಟು ಸ್ಲ್ಯಾಬ್ ತರಬೇಕು ಎಂಬ ಅಂದಾಜಿಗೆ ಸಾಕು.

ಹಂಚಿಕೆ ಹೀಗೆ. 50 ಮಿ.ಮೀ. ದಪ್ಪದ ಪ್ಯಾನೆಲ್ 8: ಪಕ್ಕದ ಗೋಡೆಗಳಿಗೆ ಮೂರು ಮೂರು, ಸ್ಪೀಕರ್‌ಗಳ ಹಿಂದೆ ಎರಡು. 100 ಮಿ.ಮೀ. ದಪ್ಪದವು 10: ಬಾಗಿಲಿಲ್ಲದ ಮೂರು ಮೂಲೆಗಳಿಗೆ ಎರಡೆರಡು, ಹಿಂಗೋಡೆಗೆ ಎರಡು, ತಲೆಯ ಮೇಲಿನ ಕ್ಲೌಡ್‌ಗೆ ಎರಡು. ಒಂದೊಂದಕ್ಕೂ 0.6 ಚದರ ಮೀಟರ್ ಮುಖ, ಒಟ್ಟು 10.8.

ರಾಕ್‌ವೂಲ್ ಸ್ಲ್ಯಾಬ್ ಕೊಂಡದ್ದು ಒಂದು ಮೀಟರ್‌ಗೆ 600 ಮಿ.ಮೀ. ಅಳತೆಯದು, 50 ಮಿ.ಮೀ. ದಪ್ಪ. ತೆಳು ಪ್ಯಾನೆಲ್‌ಗೆ ಘನ ಮೀಟರ್‌ಗೆ 64 ಕೆ.ಜಿ. ಸಾಂದ್ರತೆಯದು 8, ದಪ್ಪದ್ದಕ್ಕೆ 48 ಕೆ.ಜಿ. ಸಾಂದ್ರತೆಯದು 20. ದಪ್ಪ ಹೆಚ್ಚಾದಂತೆ ಸಾಂದ್ರತೆ ಕಡಿಮೆ ಇರುವುದೇ ಮೇಲು. ತೀರಾ ಗಟ್ಟಿಯಾದ ಸ್ಲ್ಯಾಬ್‌ನೊಳಗೆ ಗಾಳಿ ಸರಾಗವಾಗಿ ನುಗ್ಗುವುದಿಲ್ಲ. ಅಂಗಡಿಯಲ್ಲಿ ಜಾಸ್ತಿ ಡೆನ್ಸಿಟಿ, ಜಾಸ್ತಿ ಎಫೆಕ್ಟ್ ಎಂದು 96 ಅಥವಾ 144ರದ್ದನ್ನು ತಳ್ಳಲು ನೋಡುತ್ತಾರೆ. ಬೇಡ. ಫೋಮ್ ಪಿರಮಿಡ್ ಶೀಟುಗಳೂ ಬೇಡ: ಒಂದೆರಡು ಇಂಚಿನ ಫೋಮ್ ಮೇಲಿನ ಸ್ವರಗಳನ್ನಷ್ಟೇ ತಿಂದು ಕೋಣೆಯನ್ನು ಮಂಕು ಮಾಡುತ್ತದೆ, ಬಾಸ್ ಇದ್ದಲ್ಲೇ ಇರುತ್ತದೆ, ಮೇಲಾಗಿ ಸಾಮಾನ್ಯ ಪಿಯು ಫೋಮ್ ಬೆಂಕಿಗೆ ಸಿಕ್ಕರೆ ಭಗ್ಗನೆ ಹತ್ತಿಕೊಳ್ಳುತ್ತದೆ. ರಾಕ್‌ವೂಲ್ ಕಲ್ಲಿನ ನೂಲು, ಅದು ಉರಿಯುವುದಿಲ್ಲ.

ಚೌಕಟ್ಟು

ಮೊದಲು ಸ್ಲ್ಯಾಬ್ ತರಿಸಿ ಅಳೆಯಬೇಕು, ಆಮೇಲೆ ಮರ ಕತ್ತರಿಸಬೇಕು. ಚೀಲದ ಮೇಲೆ ಏನೇ ಬರೆದಿರಲಿ, ಕೆಲವು ಮಿಲಿಮೀಟರ್ ಆಚೀಚೆ ಇದ್ದೇ ಇರುತ್ತದೆ. ಚೌಕಟ್ಟಿನ ಒಳ ಅಳತೆ ಸ್ಲ್ಯಾಬ್‌ಗಿಂತ 5 ಮಿ.ಮೀ. ಕಮ್ಮಿ ಇಟ್ಟರೆ, ಇಲ್ಲಿ 995ಕ್ಕೆ 595, ಸ್ಲ್ಯಾಬ್ ಒತ್ತಿ ಕೂರುತ್ತದೆ, ಜಾರುವುದಿಲ್ಲ, ಅಂಟು ಬೇಕಾಗುವುದಿಲ್ಲ. 20 ಮಿ.ಮೀ. ದಪ್ಪದ ರೀಪರ್ ಬಳಸಿದರೆ ಹೊರ ಅಳತೆ 1035ಕ್ಕೆ 635.

ಮರದ ವಿಷಯದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಎರಡಿಂಚಿಗೆ ಒಂದಿಂಚು ರೀಪರ್ ಎಂದು ತಂದು ಹತರಿ ಹಾಕಿಸಿದರೆ ಎರಡಿಂಚು ಎನ್ನುವುದು 45 ಮಿ.ಮೀ.ಗೆ ಇಳಿಯುತ್ತದೆ, 50ರ ಸ್ಲ್ಯಾಬ್ ಮುಂದಕ್ಕೆ ಉಬ್ಬಿ ಬಟ್ಟೆಯಲ್ಲಿ ಹೊಟ್ಟೆ ಕಾಣುತ್ತದೆ. ಎರಡೂವರೆ ಇಂಚಿನದು ತಂದು 60ಕ್ಕೆ ಇಳಿಸಿಕೊಳ್ಳುವುದು ಸರಿ. ಮುಂದೆ 5, ಹಿಂದೆ 5 ಮಿ.ಮೀ. ಬಿಡುವು ಸಿಗುತ್ತದೆ. ದಪ್ಪ ಪ್ಯಾನೆಲ್‌ಗೆ 110 ಮಿ.ಮೀ. ಅಗಲದ ಪಟ್ಟಿ. ಅಡ್ಡಪಟ್ಟಿಗಳೂ ಸೇರಿ 60ರದ್ದು 31 ಮೀಟರ್, 110ರದ್ದು 39 ಮೀಟರ್ ಬೇಕಾಯಿತು, ಕತ್ತರಿಸುವಾಗ ಪೋಲಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿಕೊಳ್ಳಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ಒಣಗಿದ ಪೈನ್ ಸಿಗುತ್ತದೆ. ಹಸಿ ಮರ ತಂದರೆ ತಿಂಗಳೊಳಗೆ ಚೌಕಟ್ಟು ತಿರುಚಿ ಒಂದು ಮೂಲೆ ಗೋಡೆಯಿಂದ ಎದ್ದು ನಿಲ್ಲುತ್ತದೆ. ಪ್ಯಾಕಿಂಗ್ ಪೆಟ್ಟಿಗೆ ಒಡೆದ ಅಗ್ಗದ ಮರದಲ್ಲಿ ಕೊರೆಹುಳ ಇರುವುದುಂಟು. ಬಟ್ಟೆ ಸುತ್ತಿದ ಮೇಲೆ ಕೆಳಗೆ ಹಳದಿ ಹಿಟ್ಟು ಉದುರಲು ಶುರುವಾದರೆ ಬಿಚ್ಚುವುದೊಂದೇ ದಾರಿ, ಆದ್ದರಿಂದ ಗೆದ್ದಲು ಎಣ್ಣೆಯನ್ನು ಈಗಲೇ ಬಳಿದು ಎರಡು ದಿನ ಒಣಗಿಸಬೇಕು.

ಮೂಲೆಗಳಿಗೆ ಫೆವಿಕಾಲ್ ಮತ್ತು ಎರಡೆರಡು 50 ಮಿ.ಮೀ. ಸ್ಕ್ರೂ. ಮೊದಲು 3 ಮಿ.ಮೀ. ಬಿಟ್‌ನಲ್ಲಿ ತೂತು ತೆಗೆಯದಿದ್ದರೆ ಪಟ್ಟಿಯ ತುದಿ ಸೀಳುತ್ತದೆ. ಕರ್ಣಗಳನ್ನು ಅಳೆದು ಎರಡೂ ಸಮ ಬಂದ ಮೇಲೆಯೇ ಅಂಟು ಒಣಗಲು ಬಿಡಬೇಕು. ಬೆನ್ನಿನ ನಡುವೆ ಒಂದು ಅಡ್ಡಪಟ್ಟಿ ಕೊಟ್ಟರೆ ಬಟ್ಟೆ ಎಳೆಯುವಾಗ ಉದ್ದದ ಬದಿಗಳು ಒಳಕ್ಕೆ ಬಾಗುವುದಿಲ್ಲ. ಹಿಂದೆ ಪ್ಲೈವುಡ್ ಹಲಗೆ ಮುಚ್ಚಬಾರದು. ನೋಡಲು ನೀಟಾಗಿರುತ್ತದೆ ನಿಜ, ಆದರೆ ಬೆನ್ನ ಹಿಂದಿನ ಗಾಳಿಯ ಅಂತರ ಆಮೇಲೆ ಕೆಲಸಕ್ಕೆ ಬಾರದು. ತೆಳ್ಳನೆಯ ನಾನ್‌ವೋವನ್ ಬಟ್ಟೆ ಹೊಡೆದರೆ ನೂಲು ಉದುರದಂತೆ ತಡೆಯಲು ಅಷ್ಟೇ ಸಾಕು.

ರಾಕ್‌ವೂಲ್ ಕತ್ತರಿಸಲು ಹಲ್ಲಿರುವ ಉದ್ದನೆಯ ಬ್ರೆಡ್ ಚಾಕು ಬೇಕು. ತೋಳು ಮುಚ್ಚುವ ಅಂಗಿ, ಕೈಗವಸು, ಕನ್ನಡಕ, ಎನ್95 ಮಾಸ್ಕ್, ತೆರೆದ ಟೆರೇಸ್. ಕೆಲಸ ಮುಗಿದ ಮೇಲೆ ಸ್ನಾನ ತಣ್ಣೀರಿನಲ್ಲೇ ಶುರುವಾಗಲಿ. ಇದರಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ಕೇಳುವವರಿಗೆ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಳಿ 2001ರಲ್ಲಿ ಇನ್ಸುಲೇಶನ್ ರಾಕ್‌ವೂಲನ್ನು ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಲಾಗದ ಮೂರನೇ ಗುಂಪಿಗೆ ಸೇರಿಸಿತು. ನವೆ ಮತ್ತು ಕೆಮ್ಮು ಮಾತ್ರ ಗ್ಯಾರಂಟಿ.

ಬಟ್ಟೆ

ಬಟ್ಟೆಯನ್ನು ಬಾಯಿಗೆ ಒತ್ತಿ ಊದಿ ನೋಡಿ. ಉಸಿರು ಸಲೀಸಾಗಿ ಆಚೆ ಹೋದರೆ ಸರಿ, ಕೆನ್ನೆ ಉಬ್ಬಿದರೆ ಬೇಡ. ರೆಕ್ಸಿನ್, ಹಿಂದೆ ಕೋಟಿಂಗ್ ಇರುವ ಸೋಫಾ ಬಟ್ಟೆ, ಒತ್ತಾಗಿ ನೇಯ್ದ ಪರದೆ ಬಟ್ಟೆ ಎಲ್ಲ ಇಲ್ಲಿಗೇ ಹೊರಬೀಳುತ್ತವೆ. ಸಡಿಲ ನೇಯ್ಗೆಯ ಕೈಮಗ್ಗದ ಹತ್ತಿ ಬಟ್ಟೆ ಚೆನ್ನ. ಸೆಣಬು ನೋಡಲು ಲಕ್ಷಣ, ಆದರೆ ಮಳೆಗಾಲದಲ್ಲಿ ತೇವ ಕುಡಿದು ಜೋಲುತ್ತದೆ. ಮಂಗಳೂರು, ಉಡುಪಿ ಕಡೆಯವರು ಅದರ ಆಸೆ ಬಿಟ್ಟು ಪಾಲಿಯೆಸ್ಟರ್ ಮೆಶ್‌ಗೆ ಹೋಗುವುದು ವಾಸಿ.

44 ಇಂಚು ಪನ್ನದ ಬಟ್ಟೆಯಲ್ಲಿ ತೆಳು ಪ್ಯಾನೆಲ್‌ಗೆ 1.25 ಮೀಟರ್, ದಪ್ಪದ್ದಕ್ಕೆ 1.35 ಮೀಟರ್. ಒಟ್ಟು 23.5, ಕುಗ್ಗುವುದಕ್ಕೂ ಸೇರಿಸಿ 25 ಮೀಟರ್ ಒಂದೇ ಥಾನಿನಿಂದ ಚಿಕ್ಕಪೇಟೆಯಲ್ಲಿ ಹರಿಸಿದ್ದು. ಆಮೇಲೆ ಸಾಲದೆ ಎರಡು ಮೀಟರ್ ತರಲು ಹೋದರೆ ಬಣ್ಣ ಹೊಂದುವುದಿಲ್ಲ. ಹತ್ತಿಯಾದರೆ ಮೊದಲು ನೀರಿಗೆ ಹಾಕಿ ಹಿಂಡಿ ಒಣಗಿಸಿ ಇಸ್ತ್ರಿ ಮಾಡಿಕೊಳ್ಳಬೇಕು.

ಸ್ಟೇಪಲ್ ಹೊಡೆಯುವ ಕ್ರಮ: ನಾಲ್ಕೂ ಬದಿಗಳ ನಡುವೆ ಒಂದೊಂದು, ಅಲ್ಲಿಂದ ಮೂಲೆಗಳ ಕಡೆಗೆ, ಎದುರುಬದುರು ಬದಿಗಳಲ್ಲಿ ಸರದಿಯಂತೆ, 40 ಮಿ.ಮೀ.ಗೆ ಒಂದು. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ನೇಯ್ಗೆಯ ಗೆರೆ ಸೊಟ್ಟಗಾಗುತ್ತದೆ. ಸಾದಾ ಬಟ್ಟೆಯಲ್ಲಿ ಅದು ಕಾಣದು. ಚೌಕುಳಿ ಬಟ್ಟೆಯಲ್ಲಿ ಜೀವನಪೂರ್ತಿ ಕಣ್ಣಿಗೆ ಚುಚ್ಚುತ್ತದೆ.

ಹಳಿ

ಪ್ಯಾನೆಲ್‌ಗೊಂದರಂತೆ ಹುಕ್ಕು, ಮೊಳೆ, ಬ್ರಾಕೆಟ್ ಹಾಕುವುದರ ಬದಲು ಗೋಡೆಗೊಂದು ಉದ್ದನೆಯ ಹಳಿ ಹಾಕುವುದು ಈ ಕೆಲಸದ ಜಾಣತನ. ಮರಗೆಲಸದಲ್ಲಿ ಫ್ರೆಂಚ್ ಕ್ಲೀಟ್ ಎನ್ನುತ್ತಾರೆ: 45 ಡಿಗ್ರಿ ಓರೆಯಾಗಿ ಸೀಳಿದ ಎರಡು ಪಟ್ಟಿ, ಒಂದು ಗೋಡೆಗೆ, ಇನ್ನೊಂದು ತಲೆಕೆಳಗಾಗಿ ಪ್ಯಾನೆಲ್ ಬೆನ್ನಿಗೆ. ಮೇಲಿನಿಂದ ಇಳಿಸಿದರೆ ಒಂದರ ಓರೆ ಇನ್ನೊಂದರಲ್ಲಿ ಕೂತು, ತೂಕ ಹೆಚ್ಚಿದಷ್ಟೂ ಗೋಡೆಗೆ ಒತ್ತಿಕೊಳ್ಳುತ್ತದೆ. ಹಳಿ ಉದ್ದವಿದ್ದರೆ ಲೆವೆಲ್ ಒಂದೇ ಸಲ ನೋಡಿದರಾಯಿತು, ಸ್ಕ್ರೂಗಳನ್ನು ಸ್ಟಡ್ ಇರುವಲ್ಲೇ ಹಾಕಬಹುದು, ಕೊನೆಗೆ ಕಿವಿ ಹೇಳಿದ ಹಾಗೆ ಪ್ಯಾನೆಲನ್ನು ಆಚೀಚೆ ಸರಿಸಲೂಬಹುದು.

12 ಮಿ.ಮೀ. ಪ್ಲೈವುಡ್‌ನಲ್ಲಿ 100 ಮಿ.ಮೀ. ಅಗಲ, ಎಂಟು ಅಡಿ ಉದ್ದದ ನಾಲ್ಕು ಪಟ್ಟಿ ತೆಗೆದು ಪ್ರತಿಯೊಂದನ್ನೂ ನಡುವೆ ಓರೆಯಾಗಿ ಸೀಳಿದರೆ ಆಯಿತು. ಒಂದು ಅರ್ಧ ಗೋಡೆಯ ಹಳಿ: ಪಕ್ಕದ ಗೋಡೆಗಳಿಗೆ 2200 ಮಿ.ಮೀ., ಮುಂದೆ 1600, ಹಿಂದೆ 1400. ಇನ್ನೊಂದು ಅರ್ಧದಿಂದ ಪ್ಯಾನೆಲ್‌ಗಳ ಬೆನ್ನಿಗೆ 500 ಮಿ.ಮೀ. ತುಂಡುಗಳು. ಗೋಡೆಯ ಹಳಿಯಲ್ಲಿ ಓರೆ ಮೇಲ್ಮುಖವಾಗಿದ್ದು, ಅದರ ಚೂಪು ಅಂಚು ಗೋಡೆಯಿಂದ ಆಚೆಗೆ, ಕೋಣೆಯ ಕಡೆಗೆ ಇರಬೇಕು. ಉಲ್ಟಾ ಹಾಕಿದರೆ ಪ್ಯಾನೆಲ್ ಜಾರಿ ಕಾಲ ಮೇಲೆ ಬೀಳುತ್ತದೆ. ಗೋಡೆಗೆ ಹಾಕುವ ಮುಂಚೆ ನೆಲದ ಮೇಲೆ ಒಂದು ಜೋಡಿಯನ್ನು ಕೂಡಿಸಿ ನೋಡಲು ಅರ್ಧ ನಿಮಿಷವೂ ಹಿಡಿಯುವುದಿಲ್ಲ.

ಪ್ಯಾನೆಲ್ ಗೋಡೆಗೆ ಅಂಟಿಕೊಂಡಿರುವುದಕ್ಕಿಂತ 50 ಮಿ.ಮೀ. ಮುಂದಿದ್ದರೆ ಬಹಳ ಲಾಭ. ಗೋಡೆಯ ಹತ್ತಿರ ಗಾಳಿಯ ಕಣಗಳು ಓಡಾಡುವುದೇ ಇಲ್ಲ. ಓಡಾಟ ಜೋರಿರುವುದು ಕಾಲು ತರಂಗದಷ್ಟು ದೂರದಲ್ಲಿ. ಪ್ಯಾನೆಲ್‌ನ ಮುಖ ಗೋಡೆಯಿಂದ 50 ಮಿ.ಮೀ. ಇದ್ದರೆ ಕಾಲು ತರಂಗ 1700 ಹರ್ಟ್ಸ್‌ಗೆ ಸರಿಹೊಂದುತ್ತದೆ, 100 ಮಿ.ಮೀ. ಇದ್ದರೆ 860ಕ್ಕೆ. ಹೀರುವಿಕೆ ಅದರ ಕೆಳಗೂ ಸಾಕಷ್ಟು ಇಳಿಯುತ್ತದೆ. ಅಂದರೆ ಬರೀ ಖಾಲಿ ಜಾಗ ಬಿಟ್ಟೇ ಇಡೀ ಒಂದು ಆಕ್ಟೇವ್ (ಹರ್ಟ್ಸ್ ಅರ್ಧಕ್ಕೆ ಇಳಿಯುವಷ್ಟು) ಕೆಳಗೆ ಗಳಿಸಿದಂತಾಯಿತು.

ಈ 50 ಮಿ.ಮೀ. ಅಂತರವನ್ನು ಗೋಡೆಯ ಕಡೆ ಕೊಡಬಾರದು, ಪ್ಯಾನೆಲ್ ಕಡೆಯೇ ಕೊಡಬೇಕು. ಹಳಿಯ ಕೆಳಗೆ ಮರದ ದಿಮ್ಮಿ ಇಟ್ಟರೆ ಗೋಡೆಯ ಸ್ಕ್ರೂ ಉದ್ದವಾಗುತ್ತದೆ, ಉದ್ದ ಸ್ಕ್ರೂ ಬಂದಲ್ಲಿ ಅಪಾಯವೂ ಬಂತು. ಬದಲಿಗೆ ಚೌಕಟ್ಟಿನ ಬೆನ್ನಿಗೆ 38 ಮಿ.ಮೀ. ದಪ್ಪದ ಮರದ ತುಂಡು, ಅದರ ಮೇಲೆ 12ರ ಕ್ಲೀಟ್. ಕೂಡಿಸಿದರೆ 50. ಗೋಡೆಯ ಮೇಲೆ ಬರುವುದು 12 ಮಿ.ಮೀ. ಹಳಿ ಮಾತ್ರ. ಚೌಕಟ್ಟಿನ ಕೆಳತುದಿಗೆ ಎರಡು ಮೂಲೆಯಲ್ಲಿ 48 ಮಿ.ಮೀ. ತುಂಡು ಕೊಟ್ಟು ಮೇಲೆ 2 ಮಿ.ಮೀ. ಫೆಲ್ಟ್ ಅಂಟಿಸಿದರೆ ಪ್ಯಾನೆಲ್ ನೆಟ್ಟಗೆ ನಿಲ್ಲುತ್ತದೆ.

ಈಗ ಸ್ಕ್ರೂ ಲೆಕ್ಕ. ಸ್ಟಡ್ ಗೋಡೆಯಲ್ಲಿ ಹಳಿ 12, ಜಿಪ್ಸಂ 25, ಒಟ್ಟು 37. 50 ಮಿ.ಮೀ. ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಸ್ಟಡ್‌ನ ತಗಡು ದಾಟಿ 13 ಮಿ.ಮೀ. ಒಳಗೆ ನಿಲ್ಲುತ್ತದೆ. ಬ್ಲಾಕ್ ಗೋಡೆ ಇನ್ನೂ 62 ಮಿ.ಮೀ. ದೂರ. 2200ರ ಹಳಿ ಕಡಿಮೆಯೆಂದರೂ ಮೂರು ಸ್ಟಡ್‌ಗಳನ್ನು ದಾಟುತ್ತದೆ, ಒಂದೊಂದಕ್ಕೆ ಎರಡು ಸ್ಕ್ರೂ. ತೆಳು ಪ್ಯಾನೆಲ್‌ನ ತೂಕ ಬಟ್ಟೆ ಎಲ್ಲ ಸೇರಿ ಸುಮಾರು 5 ಕೆ.ಜಿ., ಮೂರಕ್ಕೆ 15. ಆರು ಸ್ಕ್ರೂಗಳಿಗೆ ಇದು ಏನೇನೂ ಅಲ್ಲ.

ಮುಂಗೋಡೆಯಲ್ಲಿ ಹೀಗಾಗದು. ಅಡ್ಡ ಚಾನೆಲ್‌ಗಳು ಹಳಿಯ ಎತ್ತರಕ್ಕೆ ಸರಿಯಾಗಿ ಸಿಗಲಿಲ್ಲ. ಅಲ್ಲಿ ಜಿಪ್ಸಂಗೇ ಹಿಡಿಯುವ ಲೋಹದ ಸೆಲ್ಫ್ ಡ್ರಿಲ್ಲಿಂಗ್ ಆಂಕರ್ ಎಂಟು, 32 ಮಿ.ಮೀ. ಉದ್ದದ್ದು, ಅದರೊಳಕ್ಕೆ 35 ಮಿ.ಮೀ. ಸ್ಕ್ರೂ. ಆಂಕರ್ ಜಿಪ್ಸಂನ ಬೆನ್ನಿನಾಚೆ 7 ಮಿ.ಮೀ. ಮಾತ್ರ ಇಣುಕುತ್ತದೆ. ಎರಡು ಪದರ ಇರುವಾಗ ಈ ಆಂಕರನ್ನು ನೇರ ತಿರುಗಿಸಿದರೆ ಮೊದಲ ಪದರವನ್ನು ಹಿಟ್ಟು ಮಾಡಿ ಅಲ್ಲೇ ಸುತ್ತುತ್ತದೆ. 6 ಮಿ.ಮೀ. ಬಿಟ್‌ನಿಂದ, ಹ್ಯಾಮರ್ ಮೋಡ್ ಆಫ್ ಮಾಡಿ, ಮೊದಲು ತೂತು ತೆಗೆಯಬೇಕು. ತೂತಿಗೆ ಒಂದು ಹನಿ ಅಕೌಸ್ಟಿಕ್ ಸೀಲೆಂಟ್ ಬಿಟ್ಟು ಆಂಕರ್ ಕೂರಿಸಬೇಕು. ಕೊನೆಯ ಎರಡು ಸುತ್ತು ಕೈಯಿಂದಲೇ. ಡ್ರೈವರ್‌ನ ಕ್ಲಚ್ ಜಾಸ್ತಿ ಇದ್ದರೆ ಜಿಪ್ಸಂನಲ್ಲಿ ಕೊರೆದ ದಾರ ಕಿತ್ತುಹೋಗುತ್ತದೆ, ಆ ತೂತು ಮತ್ತೆ ಹಿಡಿಯದು. ಕೆಟ್ಟ ತೂತನ್ನು ಸೀಲೆಂಟ್‌ನಿಂದ ತುಂಬಿ 50 ಮಿ.ಮೀ. ಪಕ್ಕದಲ್ಲಿ ಹೊಸದು ಮಾಡಿ. ಪುಟ್ಟಿ ತುಂಬಬೇಡಿ, ಗೋಡೆ ಅಲುಗಿದಂತೆ ಅದು ಬಿರುಕು ಬಿಡುತ್ತದೆ.

ಸ್ಕ್ರೂ ಹೋಗುವಾಗ ಕೈಗೆ ಸಿಗುವ ಸುದ್ದಿಗೂ ಗಮನ ಇರಲಿ. ಜಿಪ್ಸಂ ದಾಟಿದ ಮೇಲೆ ಹಗುರವಾಗಿ ತಿರುಗಬೇಕು. ಹಗುರವಾದದ್ದು ಮತ್ತೆ ಬಿಗಿಯಾದರೆ ಹಿಂದೆ ಏನೋ ಸಿಕ್ಕಿದೆ: ಚಾನೆಲ್ ಆಗಿರಬಹುದು, ಕ್ಲಿಪ್ ಆಗಿರಬಹುದು, ಬ್ಲಾಕ್ ಆಗಿರಬಹುದು. ಅಲ್ಲಿಗೆ ನಿಲ್ಲಿಸಿ, ತೆಗೆದು, ಅಳೆದು ನೋಡಬೇಕು.

ಆಂಕರ್ ಕಿತ್ತುಬಂದೀತೇ ಎಂಬ ಹೆದರಿಕೆಗೆ ಒಂದು ಲೆಕ್ಕ. ಪ್ಯಾನೆಲ್‌ನ ಭಾರಕೇಂದ್ರ ಗೋಡೆಯಿಂದ 80 ಮಿ.ಮೀ. ಆಚೆ, ಹಳಿಯಿಂದ ಕೆಳತುದಿಯ ಫೆಲ್ಟ್ ತುಂಡಿಗೆ 900 ಮಿ.ಮೀ. 5 ಕೆ.ಜಿ. ತೂಕ ಹಳಿಯನ್ನು ಗೋಡೆಯಿಂದ ಹೊರಕ್ಕೆ ಎಳೆಯುವುದು ಅರ್ಧ ಕೆ.ಜಿ.ಗಿಂತ ಕಮ್ಮಿ. ಉಳಿದದ್ದೆಲ್ಲ ಕೆಳಮುಖ ಭಾರ, ಅದನ್ನು ಜಿಪ್ಸಂ ಚೆನ್ನಾಗಿ ತಡೆಯುತ್ತದೆ. ಗೋಡೆ ಇನ್ನೂ ಮುಚ್ಚಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇದೆ: ಮೊದಲ ಪದರಕ್ಕೆ ಜಿಪ್ಸಂ ಬದಲು 12 ಮಿ.ಮೀ. ಪ್ಲೈವುಡ್, ಮೇಲೆ ಜಿಪ್ಸಂ. ತೂಕ ಸ್ವಲ್ಪ ಕಮ್ಮಿಯಾಗುತ್ತದೆ, ಆದರೆ 35 ಮಿ.ಮೀ. ಸ್ಕ್ರೂ ಎಲ್ಲಿ ಬೇಕಾದರೂ ಕಚ್ಚುತ್ತದೆ.

ಇನ್ನು ಅಂಟಿಸುವ ವಿಚಾರ. ಡಬಲ್ ಟೇಪ್, ಕನ್‌ಸ್ಟ್ರಕ್ಷನ್ ಅಡೆಸಿವ್ ಬಳಸಿದರೆ ತೂತೇ ಬೇಡವಲ್ಲ ಎನ್ನುವವರಿದ್ದಾರೆ. ಡಿಸ್ಟೆಂಪರ್ ಗೋಡೆಯಲ್ಲಿ ಟೇಪ್ ಬಣ್ಣವನ್ನೇ ಹೊತ್ತುಕೊಂಡು ಬೀಳುತ್ತದೆ. ಅಡೆಸಿವ್ ಗಟ್ಟಿ ಹಿಡಿದರೆ, ತೆಗೆಯುವ ದಿನ ಜಿಪ್ಸಂನ ಕಾಗದ ಸುಲಿದುಬರುತ್ತದೆ. ಗಾಳಿಯ ಅಂತರವಂತೂ ಸಿಗುವುದೇ ಇಲ್ಲ.

ಗೋಡೆಗೆ ಏರಿಸುವುದು

ಕುಳಿತವರ ಕಿವಿ ನೆಲದಿಂದ 1.2 ಮೀಟರ್. ಪ್ಯಾನೆಲ್‌ನ ನಡು ಅಲ್ಲಿಗೆ ಬಂದರೆ ತಳ 68 ಸೆ.ಮೀ., ತಲೆ 172 ಸೆ.ಮೀ.ನಲ್ಲಿ. ಗೆರೆ ಎಳೆಯಲು ಲೇಸರ್ ಇದ್ದರೆ ಸರಿ, ಇಲ್ಲದಿದ್ದರೆ ಗಾರೆಯವರ ಟ್ಯೂಬ್ ಲೆವೆಲ್ ಸುಳ್ಳು ಹೇಳುವುದಿಲ್ಲ. ಪಕ್ಕದ ಗೋಡೆಯ ಪ್ಯಾನೆಲ್ ನಿಖರವಾಗಿ ಎಲ್ಲಿರಬೇಕು ಎಂದು ಕನ್ನಡಿ ಹೇಳುತ್ತದೆ: ಒಬ್ಬರು ಕುರ್ಚಿಯಲ್ಲಿ ಕೂರಬೇಕು, ಇನ್ನೊಬ್ಬರು ಗೋಡೆಗೆ ಕನ್ನಡಿ ಹಿಡಿದು ಸರಿಸುತ್ತಾ ಹೋಗಬೇಕು; ಎಲ್ಲಿ ಸ್ಪೀಕರ್ ಕಾಣುತ್ತದೋ ಅಲ್ಲಿ ಪ್ಯಾನೆಲ್. ಹತ್ತಿರದ ಸ್ಪೀಕರ್‌ಗೊಂದು ಜಾಗ, ಎದುರಿನ ಸ್ಪೀಕರ್‌ಗೆ ಇನ್ನೊಂದು ಸಿಗುತ್ತದೆ. ಅವೆರಡನ್ನೂ ಮುಚ್ಚಿ, ಮೂರನೆಯದನ್ನು ಹಿಂದಕ್ಕೆ ಬಿಟ್ಟದ್ದಾಯಿತು.

ಕ್ಲೀಟ್‌ನ ಓರೆಗೆ ತೆಳು ಫೆಲ್ಟ್ ಟೇಪ್ ಅಂಟಿಸುವುದನ್ನು ಬಿಡಬೇಡಿ. ಮರಕ್ಕೆ ಮರ ತಾಗಿದರೆ ಯಾವುದೋ ಒಂದು ಬಾಸ್ ಸ್ವರಕ್ಕೆ ಝರ್ ಎನ್ನುತ್ತದೆ, ಮಿಕ್ಸ್ ಮಾಡುವವರು ಅದನ್ನು ಸ್ಪೀಕರ್ ಕೋನ್‌ನ ದೋಷ ಎಂದುಕೊಂಡು ವಾರಗಟ್ಟಲೆ ಹುಡುಕುತ್ತಾರೆ.

ಮೂಲೆಯ ಬಾಸ್ ಟ್ರ್ಯಾಪ್‌ಗಳಿಗೆ ಗೋಡೆಯಲ್ಲಿ ಭಾರದ ತೂತು ಒಂದೂ ಬೇಡ. ಒಂದೊಂದು ಚೌಕಟ್ಟು 7 ಕೆ.ಜಿ. ಚಿಲ್ಲರೆ, ಒಂದರ ಮೇಲೊಂದು ನಿಲ್ಲಿಸಿದರೆ ಎತ್ತರ 207 ಸೆ.ಮೀ. ಭಾರವೆಲ್ಲ ನೆಲಕ್ಕೇ ಹೋಗಲಿ. ಮೂಲೆಗೆ ಅಡ್ಡಲಾಗಿ 45 ಡಿಗ್ರಿಯಲ್ಲಿಟ್ಟರೆ ಹಿಂದೆ ತ್ರಿಕೋನದ ಖಾಲಿ ಜಾಗ ಉಳಿಯುತ್ತದೆ, ಅದೂ ಕೆಲಸ ಮಾಡುತ್ತದೆ. ಎರಡು ಚೌಕಟ್ಟುಗಳ ನಡುವೆ ಎರಡು ಮರದ ಗೂಟ, ಕೆಳಗೆ ರಬ್ಬರ್ ಪಾದ, ಮೇಲುಗಡೆ ಮಗುಚದಂತೆ ಒಂದು ಸಣ್ಣ ಎಲ್ ಬ್ರಾಕೆಟ್. ಈ ಕೋಣೆಯ ಉದ್ದದ ಮೋಡ್ (ಎದುರುಬದುರು ಗೋಡೆಗಳ ನಡುವೆ ನಿಂತು ಮೊಳಗುವ ಸ್ವರ) 50 ಹರ್ಟ್ಸ್, ಅಗಲದ್ದು 59, ಎತ್ತರದ್ದು 67. ಹತ್ತು ಸೆಂಟಿಮೀಟರ್ ರಾಕ್‌ವೂಲ್ ಇವನ್ನು ಪೂರ್ತಿ ಅಳಿಸುವುದಿಲ್ಲ; ಬಾಲ ಮೊಟಕು ಮಾಡುತ್ತದೆ, ಅಷ್ಟೇ.

ಕ್ಲೌಡ್

ಜಾಸ್ತಿ ಎಚ್ಚರ ಬೇಕಿರುವುದು ಇಲ್ಲಿ, ಏಕೆಂದರೆ ಗೋಡೆಯ ಲೆಕ್ಕ ತಾರಸಿಗೆ ಹೊಂದುವುದಿಲ್ಲ. ಇಲ್ಲಿ ಪೂರ್ತಿ 14 ಕೆ.ಜಿ.ಯೂ ಸ್ಕ್ರೂವನ್ನು ನೇರ ಕೀಳಲು ನೋಡುತ್ತದೆ, ಅದೂ ಕೆಲಸ ಮಾಡುವವರ ತಲೆಯ ಮೇಲೆ. ಜಿಪ್ಸಂ ಆಂಕರ್ ಬಳಸಲೇಬಾರದು. ಹಾಗಂತ ಜಿಪ್ಸಂ ಕೊರೆದು ಮೇಲಿನ ಆರ್‌ಸಿಸಿ ಸ್ಲ್ಯಾಬ್‌ಗೆ ಆಂಕರ್ ಫಾಸ್ಟನರ್ ಹೊಡೆದರೆ ಭದ್ರವೇನೋ ಹೌದು, ರಬ್ಬರ್ ಹ್ಯಾಂಗರ್‌ನಲ್ಲಿ ತೂಗಿದ ಸೀಲಿಂಗ್‌ಗೆ ಅಡ್ಡದಾರಿ ಮಾಡಿಕೊಟ್ಟಂತಾಗುತ್ತದೆ.

ನಡುವಿನ ದಾರಿ: 75 ಮಿ.ಮೀ. ಅಗಲ, 1400 ಮಿ.ಮೀ. ಉದ್ದದ 12 ಮಿ.ಮೀ. ಪ್ಲೈವುಡ್ ಪಟ್ಟಿ ಎರಡು. ಪ್ರತಿಯೊಂದೂ ಸೀಲಿಂಗ್ ಸೆಕ್ಷನ್‌ಗಳಿಗೆ (ಸೀಲಿಂಗ್‌ನ ಜಿಪ್ಸಂ ಹಿಡಿದಿರುವ ತಗಡಿನ ಪಟ್ಟಿಗಳು) ಅಡ್ಡಲಾಗಿ, ಕಡಿಮೆಯೆಂದರೆ ಮೂರನ್ನು ದಾಟುವಂತೆ, ದಾಟಿದಲ್ಲೆಲ್ಲ ಎರಡು 50 ಮಿ.ಮೀ. ಸ್ಕ್ರೂ. ಸೆಕ್ಷನ್ ಎಲ್ಲಿದೆ ಎಂದು ಅದೇ ಮ್ಯಾಗ್ನೆಟ್ ಹೇಳುತ್ತದೆ. ಪಟ್ಟಿಯನ್ನು ಮೇಲೆ ಹಾಕುವ ಮುಂಚೆಯೇ ಅದರಲ್ಲಿ ಎಂ6 ಐ ಬೋಲ್ಟ್‌ಗಳನ್ನು ತೂರಿಸಿ, ಬೆನ್ನಿನಲ್ಲಿ ಗುಳಿ ತೋಡಿ ವಾಷರ್ ಮತ್ತು ನಟ್ ಬಿಗಿದು, ನಟ್ ಸಡಿಲವಾಗದಂತೆ ಲಾಕ್ ಮಾಡಿರಬೇಕು. ಮರಕ್ಕೆ ತಿರುಗಿಸುವ ಸಾದಾ ಐ ಹುಕ್ 12 ಮಿ.ಮೀ. ಪ್ಲೈಯಲ್ಲಿ ನಿಲ್ಲುವುದಿಲ್ಲ. ಒಂದೊಂದು ಚೌಕಟ್ಟಿಗೆ ನಾಲ್ಕು ಕಡೆ ತಂತಿ, ಸೀಲಿಂಗ್‌ನಿಂದ 100 ಮಿ.ಮೀ. ಕೆಳಗೆ. ಜೊತೆಗೆ ಬೇರೆ ಬೋಲ್ಟ್‌ಗೆ ಕಟ್ಟಿದ ಒಂದು ಸಡಿಲ ಸುರಕ್ಷತಾ ತಂತಿ. ಫ್ಯಾನ್ ಇರುವ ಕೋಣೆಯಲ್ಲಿ ಕ್ಲೌಡ್‌ನ ಯೋಚನೆ ಬಿಡಿ. ಸ್ಲ್ಯಾಬ್‌ನಿಂದ ಇಳಿದ ಫ್ಯಾನ್ ರಾಡ್ ಜಿಪ್ಸಂ ಅನ್ನು ಮುಟ್ಟಿದ್ದರೆ ಅದೇ ಒಂದು ಸೇತುವೆ, ಮೊದಲು ಅದನ್ನು ಸರಿಮಾಡಿ.

ಪರೀಕ್ಷೆ

ಎರಡು ಬೇರೆ ಪರೀಕ್ಷೆ. ಮೊದಲನೆಯದು ಗೋಡೆ ಕೆಟ್ಟಿಲ್ಲ ಎಂಬುದಕ್ಕೆ. ಹಳಿ ಹಾಕುವ ಮುಂಚೆ ಒಳಗೆ ಒಂದೇ ಮಟ್ಟದಲ್ಲಿ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಭೋರೆನ್ನುವ ಸದ್ದು) ಹಾಕಿ, ಗೋಡೆಯಾಚೆ ಗುರುತು ಮಾಡಿದ ಜಾಗದಲ್ಲಿ ಮೈಕ್ ಇಟ್ಟು ರಾತ್ರಿ ಹೊತ್ತು ಅಳೆದಿಡಬೇಕು. ಒಂದು ಗೋಡೆಯ ಹಳಿ ಮುಗಿದ ಕೂಡಲೇ, ಪ್ಯಾನೆಲ್ ತೂಗುಹಾಕುವ ಮುಂಚೆ, ಮತ್ತೆ ಅಳೆಯಬೇಕು. ಪ್ಯಾನೆಲ್ ಹಾಕಿದ ಮೇಲೆ ಅಳೆದರೆ ಒಳಗಿನ ಮಟ್ಟವೇ ಇಳಿದಿರುತ್ತದೆ, ಹೋಲಿಕೆ ಹಳ್ಳ ಹಿಡಿಯುತ್ತದೆ. ಸಂಖ್ಯೆ ಏರಿದ್ದರೆ ಆ ಗೋಡೆಯ ಸ್ಕ್ರೂಗಳನ್ನು ಒಂದೊಂದೇ ತೆಗೆದು ಉದ್ದ ನೋಡಿ.

ಎರಡನೆಯದು ಕೋಣೆಯದು. ಉಚಿತವಾಗಿ ಸಿಗುವ ರೂಮ್ ಈಕ್ಯೂ ವಿಝರ್ಡ್ ಸಾಫ್ಟ್‌ವೇರ್ ಮತ್ತು ಒಂದು ಮೆಷರ್‌ಮೆಂಟ್ ಮೈಕ್ ಸಾಕು. ಸ್ವೀಪ್ (ತಗ್ಗಿನಿಂದ ಮೇಲಕ್ಕೆ ಏರುವ ಸ್ವರ) ಓಡಿಸಿ ವಾಟರ್‌ಫಾಲ್ ನಕ್ಷೆ ನೋಡಿದರೆ ಯಾವ ಸ್ವರ ಎಷ್ಟು ಹೊತ್ತು ಎಳೆಯುತ್ತದೆ ಎಂದು ಕಾಣುತ್ತದೆ. ಹಿಂಗೋಡೆಯ ದಪ್ಪ ಪ್ಯಾನೆಲ್ ಇದ್ದಾಗ ಒಂದು ಸಲ, ಇಳಿಸಿ ಒಂದು ಸಲ ಅಳೆಯಿರಿ. ಹಳಿ ಇರುವುದರಿಂದ ಇಳಿಸುವುದು ಕ್ಷಣದ ಕೆಲಸ. ಕಡೆಗೆ 30ರಿಂದ 200 ಹರ್ಟ್ಸ್‌ವರೆಗೆ ಸೈನ್ ಟೋನನ್ನು ಬಹಳ ನಿಧಾನ ಏರಿಸುತ್ತಾ, ಒಂದೊಂದು ಚೌಕಟ್ಟಿನ ಮೇಲೂ ಅಂಗೈ ಇಟ್ಟುಕೊಂಡು ಸುತ್ತು ಬನ್ನಿ. ಝರ್ ಎಂದದ್ದು ಕೈ ಒತ್ತಿದಾಗ ನಿಂತರೆ ದೋಷ ಆ ಪ್ಯಾನೆಲ್‌ನದ್ದು: ಬಹುತೇಕ ಕೆಳಗಿನ ಫೆಲ್ಟ್ ಗೋಡೆಗೆ ತಾಗಿರುವುದಿಲ್ಲ, ಇನ್ನೊಂದು ಚೂರು ಅಂಟಿಸಿದರೆ ಮುಗಿಯಿತು. ಎಲ್ಲ ಪ್ಯಾನೆಲ್ ಒತ್ತಿದರೂ ನಿಲ್ಲದಿದ್ದರೆ ಏಸಿಯ ಗ್ರಿಲ್, ಟ್ಯೂಬ್‌ಲೈಟ್ ಪಟ್ಟಿ ಮತ್ತು ಬಾಗಿಲ ಚಿಲಕ ನೋಡಿ.